ಚುಕ್ಕಿಗೆರೆಯ ಮನೆ

ಹತ್ತೊಂಬತ್ತು ಕಾಲಂಗಳ ಫಾರಮ್ಮಿನಲ್ಲಿ ಹದಿನೆಂಟನ್ನು ಅವನು ಹಿಂದಿನ ಸಂಜೆಯೇ ಸರ್ವೆ ಆಫೀಸಿನಲ್ಲಿ ಕೂತು ತುಂಬಿಟ್ಟಿದ್ದ. ಹೊಸ ರಸ್ತೆಗಾಗಿ ಕೆಡವಲಿರುವ, ಅವನು ಇನ್ನೂ ಹತ್ತಿರ ಹೋಗಿ ನೋಡದ ಮನೆಯ ಗೋಡೆ ಎಷ್ಟು ದಪ್ಪ, ಚಾವಣಿ ಎಷ್ಟು ಪಾಲು ಬಿದ್ದಿದೆ, ಅಂಗಳದಲ್ಲಿ ಮರಗಳೆಷ್ಟು ಎಂಬುದನ್ನೆಲ್ಲ ಹಳೆಯ ಕಡತ ನೋಡಿ, ಕಡತ ಬಾಯಿ ಬಿಡದ ಕಡೆ ತಾನೇ ಅದರ ಬಾಯಾಗಿ ಬರೆದಿದ್ದ. ಅವರ ಆಫೀಸಿನಲ್ಲಿ ಸ್ಥಳಪರಿಶೀಲನೆ ಎಂದರೆ ಹೀಗೇ. ಸ್ಥಳವೂ ಮೇಜು, ಪರಿಶೀಲನೆಯೂ ಮೇಜು. ಏಳನೆಯ ಕಾಲಂ ಮಾತ್ರ ಖಾಲಿ ಉಳಿದಿತ್ತು: ‘ಕಟ್ಟಡ ಪಾಳುಬಿದ್ದ ವರ್ಷ’. ನಿಜಕ್ಕೂ ಅದು ಎಲ್ಲಕ್ಕಿಂತ ಸುಲಭದ್ದು. ಮೂವತ್ತನಾಲ್ಕು ವರ್ಷ ಹಿಂದಿನ ನಕ್ಷೆಯಲ್ಲೇ ಆ ಮನೆ ಪಾಳು ಎಂದಿದೆ, ಆ ಇಸವಿಯನ್ನು ಎತ್ತಿ ಇಲ್ಲಿಟ್ಟರೆ ಮುಗಿಯಿತು. ಪೆನ್ನು ಆ ಚೌಕದ ಮೇಲೆ ಬಂದು ನಿಂತಿತು, ಬಾಗಿಲು ತಟ್ಟಲೋ ಬೇಡವೋ ಎಂದು ನಿಂತವರ ಹಾಗೆ. ಆಮೇಲೆ ಕ್ಯಾಪು ಹಾಕಿಕೊಂಡು ವಾಪಸು ಜೇಬಿಗೆ ಹೋಯಿತು. ಯಾಕೆ ಎಂದು ಅವನಿಗೆ ಗೊತ್ತಾಗಲಿಲ್ಲ. ಅಥವಾ ಗೊತ್ತಾಗದಿರಲಿ ಎಂದು ಅವನು ಬೇಗ ಬೇಗ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋದನೋ ಏನೋ. ಬೆಳಿಗ್ಗೆ ಹೆಂಡತಿ, ‘ಯಾಕ್ರೀ, ಇಷ್ಟು ವರ್ಷಕ್ಕೆ ಒಂದು ದಿನ ನಿಜವಾಗ್ಲೂ ಸೈಟಿಗೆ ಹೋಗ್ತಿದೀರಾ, ಮೈ ಸರಿಯಿಲ್ವಾ?’ ಎಂದು ಕೇಳಿದಾಗ ಅವನು ಮೇಲಧಿಕಾರಿಯ ದನಿಯಲ್ಲಿ, ‘ನೋ...ಡೋಣಾ’ ಎಂದ. ಅವಳು ನಗಲಿಲ್ಲ. ‘ಎಲ್ಲರ ದನೀನೂ ಈ ಮನೇಲಿ ಕೇಳಿದೀನಿ. ನಿಮ್ಮದು ಯಾವುದು ಅಂತಾನೇ ಮರೆತುಹೋಗಿದೆ’ ಎಂದು ಒಗೆದ ಬಟ್ಟೆ ಕೊಡವಿದಳು.

ಬಸ್ಸಿನಲ್ಲಿ ಅವನ ಪಕ್ಕ ಆಫೀಸಿನ ಸಹಾಯಕ ಸರಪಳಿ ಕೂತಿದ್ದ. ಮೊದಲಿಗೆ ಅಳತೆಯ ಕಬ್ಬಿಣದ ಸರಪಳಿ ಹೊರುವ ಕೆಲಸಕ್ಕೆ ಸೇರಿದ್ದರಿಂದ ಆ ಹೆಸರು. ಸರಪಳಿ ಹೋಗಿ ಟೇಪು ಬಂದು ಬಹಳ ಕಾಲವಾದರೂ ಹೆಸರು ಬಿಡಲಿಲ್ಲ. ಟೇಪು ಎಂಬ ಹೆಸರು ಆಗಲೇ, ಫಾರಂ ತುಂಬಿಟ್ಟ ಈ ನಕ್ಷೆಗಾರನಿಗೆ ಬಿದ್ದಿತ್ತು: ಕೈಯಲ್ಲಿ ಅಳೆಯುವ ಟೇಪು, ಗಂಟಲಲ್ಲಿ ಎಲ್ಲರ ಮಾತನ್ನೂ ಹಿಡಿದಿಟ್ಟು ಬೇಕೆಂದಾಗ ನುಡಿಸುವ ಟೇಪು. ಬೀಳ್ಕೊಡುಗೆ ಸಮಾರಂಭಗಳಲ್ಲಿ ಹಾರ, ಭಾಷಣ, ಆಮೇಲೆ ಟೇಪು. ಇನ್ನೆಂಟು ತಿಂಗಳಿಗೆ ಅವನದೇ ಬೀಳ್ಕೊಡುಗೆ. ಆ ದಿನ ತನ್ನನ್ನು ಅನುಕರಿಸಲು ಯಾರಿದ್ದಾರೆ, ಅನುಕರಿಸುವುದಾದರೂ ಏನನ್ನು ಎಂದು ಯೋಚಿಸುತ್ತ ಅವನು ಕಿಟಕಿಯಾಚೆ ನೋಡಿದ. ಕಾಲುವೆ ಕಾಣಿಸಿತು.

ಇದೇ ಕಾಲುವೆಯ ಈಚೆ ದಡದಲ್ಲಿ, ಮಡಿಸುವ ಸ್ಟೂಲಿನ ಮೇಲೆ, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಅವನು ಇಪ್ಪತ್ತೈದನೆಯ ವಯಸ್ಸಿನಲ್ಲಿ ಕೂತಿದ್ದ. ಆಗ ಅವರಲ್ಲೊಂದು ಪದ್ಧತಿ. ಕಣ್ಣಿಗೆ ಬಿದ್ದ ಮನೆಗಳನ್ನೆಲ್ಲ ಮೊದಲು ಚುಕ್ಕಿಗೆರೆಯಲ್ಲಿ ಗುರುತು ಮಾಡಿಕೊಳ್ಳಬೇಕು. ಆಮೇಲೆ ಒಂದೊಂದರ ಹತ್ತಿರ ನಡೆದುಹೋಗಿ, ಜನ ಇದ್ದಾರೆಂದು ಕಂಡುಕೊಂಡು, ಚುಕ್ಕಿಗಳನ್ನು ಶಾಯಿಯಲ್ಲಿ ಸೇರಿಸಬೇಕು. ಸೇರಿಸಿದರೆ ಮನೆ, ಸೇರಿಸದಿದ್ದರೆ ಪಾಳು. ಹನ್ನೆರಡು ಮನೆಗಳಲ್ಲಿ ಹನ್ನೊಂದನ್ನು ಅವನು ಸೇರಿಸಿದ. ಹನ್ನೆರಡನೆಯದು ಕಾಲುವೆಯಾಚೆ ಒಂಟಿ ತೋಟದ ಮನೆ. ಹೋಗಲು ಒಂದು ಸಪೂರ ಮರದ ಸೇತುವೆ, ಸೇತುವೆಯ ಆಚೆ ತುದಿಯಲ್ಲಿ ಒಂದು ನಾಯಿ. ಹಿಂದೆ ರಸ್ತೆಯಲ್ಲಿ ಜೀಪಿನೊಳಗಿಂದ ಮೇಲಧಿಕಾರಿ ಹಾರ್ನು ಒತ್ತುತ್ತಿದ್ದರು. ಆ ಮನೆಯ ಚಾವಣಿಯ ಮೇಲೆ ಹೊಗೆ ಇತ್ತೇ? ಕೆಲವು ದಿನ ನೆನಪಿಗೆ ಬರುವಾಗ ಇರುತ್ತದೆ, ಕೆಲವು ದಿನ ಇರುವುದಿಲ್ಲ. ಹೊಗೆಯಿರುವ ದಿನ ಅವನು ಊಟ ಅರ್ಧಕ್ಕೇ ಏಳುತ್ತಾನೆ, ಹೊಗೆಯಿಲ್ಲದ ದಿನ ಎರಡನೇ ಸಲ ಬಡಿಸಿಕೊಳ್ಳುತ್ತಾನೆ. ಒಮ್ಮೊಮ್ಮೆ ನಾಯಿಯೇ ಇರುವುದಿಲ್ಲ; ಆಗ ಇನ್ನೂ ಕಷ್ಟ, ಯಾಕೆಂದರೆ ನಾಯಿಯಿಲ್ಲದ ಸೇತುವೆಯನ್ನು ದಾಟದೆ ಬಂದದ್ದಕ್ಕೆ ಯಾವ ಹೆಸರಿಡುವುದು? ನಾಳೆ ಬಂದು ಸೇರಿಸಿದರಾಯಿತು ಎಂದುಕೊಂಡಿದ್ದನಂತೂ ಹೌದು. ಆ ನಾಳೆ ಸರ್ಕಾರಿ ಕೆಲಸಕ್ಕೆ ಸೇರಿ ಕಾಯಂ ಆಗಿಬಿಟ್ಟಿತು. ಅವನ ನಕ್ಷೆಯನ್ನು ನೋಡಿ ಇನ್ನೊಬ್ಬ ನಕಲು ತೆಗೆದ, ಅವನದನ್ನು ನೋಡಿ ಮತ್ತೊಬ್ಬ. ಕರೆಂಟು ಕಂಬದವರು ನಕ್ಷೆ ನೋಡಿ ಕಂಬ ನೆಟ್ಟರು, ನೀರಿನವರು ನಕ್ಷೆ ನೋಡಿ ತೂಬು ತಿರುಗಿಸಿದರು. ಚುಕ್ಕಿಗಳು ಮಾತ್ರ ಚುಕ್ಕಿಗಳಾಗಿಯೇ ಉಳಿದವು.

ಬಸ್ಸಿಳಿದ ಕೂಡುರಸ್ತೆಯಲ್ಲಿ ಒಂದು ಚಹಾದಂಗಡಿ. ತೋಟದ ಮನೆಯ ದಾರಿ ಯಾವುದು ಎಂದು ಸರಪಳಿ ಕೇಳಿದ್ದೇ ತಡ, ಅಂಗಡಿಯವನು ಗಾಜಿನ ಲೋಟ ತೊಳೆಯುವುದನ್ನು ಬಿಟ್ಟು ಮುಂದೆ ಬಂದ. ‘ಆ ದೆವ್ವದ ಮನೆಗಾ? ಹೊಸ ರಸ್ತೆಗೆ ಅದನ್ನ ಕೆಡವ್ತಾರಂತಲ್ಲ? ಕೆಡವಿ ಸಾರ್, ಪುಣ್ಯ ಬರುತ್ತೆ.’

‘ದೆವ್ವ ಯಾರು ನೋಡಿದ್ದಾರೆ?’ ಎಂದ ಸರಪಳಿ, ಬೆಂಚಿನ ಮೇಲೆ ಸರಿಯಾಗಿ ಕೂತು.

‘ನಮ್ಮಪ್ಪಾನೇ ನೋಡಿದ್ದ. ಲೆಕ್ಕ ನೀವೇ ಹಾಕಿ. ಸರ್ಕಾರಿ ದಾಖಲೇಲಿ ಅದು ಯಾವ ಕಾಲದಿಂದಲೋ ಪಾಳು. ಪಾಳು ಮನೆ ಅಂದ್ಮೇಲೆ ಯಾರೂ ಇಲ್ಲ ತಾನೇ? ಆದ್ರೆ ಕಿಟಕೀಲಿ ದೀಪ. ಒಳಗೆ ಯಾರೋ ಕೆಮ್ಮೋದು. ಒಂದು ಸಣ್ಣ ಹುಡುಗಿ ಬಾವಿ ಹತ್ರ ನಿಂತು ಜಡೆ ಹಾಕ್ಕೊಳ್ಳೋದು. ದಾಖಲೇಲಿ ಇಲ್ದೇ ಇರೋರು ಕಣ್ಣಿಗೆ ಕಂಡ್ರೆ ಅವರನ್ನ ಏನಂತೀರಿ?’

‘ದಾಖಲೆ ತಪ್ಪಿರಬಹುದಲ್ಲ’ ಎಂದು ನಕ್ಷೆಗಾರ ಹೇಳಿದ. ಹೇಳಿದ್ದು ತನಗೇ ಕೇಳಿಸಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ.

ಅಂಗಡಿಯವನು ಅವನನ್ನು ಮೇಲಿಂದ ಕೆಳಗೆ ನೋಡಿದ. ‘ಅಲ್ಲ ಸಾರ್, ನೀವೇ ಆಫೀಸಿನೋರು, ನೀವೇ ಹೀಗಂದ್ರೆ ನಾವೇನು ಮಾಡೋದು?’ ಸರಪಳಿ ಬಿದ್ದು ಬಿದ್ದು ನಕ್ಕ. ಅಂಗಡಿಯವನೂ ನಕ್ಕ. ಅವನೂ ನಗಬೇಕಾಗಿತ್ತು. ನಗು ಗಂಟಲವರೆಗೆ ಬಂದು, ಯಾರ ನಗುವನ್ನು ನಗಲಿ ಎಂದು ಕೇಳಿ ನಿಂತಿತು. ಇಷ್ಟು ವರ್ಷ ಅವನು ಒಂದು ಮನೆಯನ್ನು ಮರೆತಿದ್ದೆ ಎಂದುಕೊಂಡಿದ್ದ. ಇಲ್ಲಿ ಜನರನ್ನು ದೆವ್ವ ಮಾಡಿದ್ದಾನೆ. ಬದುಕಿರುವವರನ್ನೇ. ಅದೂ ಪೆನ್ಸಿಲಿನಲ್ಲಿ. ಅಂಗಡಿಯವನು ಚಿಲ್ಲರೆ ಹುಡುಕುತ್ತ, ‘ಬೆಳಿಗ್ಗೆಯಿಂದ ಒಬ್ಬ ಹೆಂಗಸು ಅಲ್ಲಿ ಕೂತಿದಾಳೆ. ನಿಮ್ಮನ್ನೇ ಕಾಯ್ತಿರಬೇಕು. ಕಾಲು ನೆಲ ಮುಟ್ತಿದೆ, ನೋಡಿದೀನಿ’ ಎಂದು ಕಣ್ಣು ಮಿಟುಕಿಸಿದ.

ಸೇತುವೆ ಈಗ ಸಿಮೆಂಟಿನದು. ನಾಯಿ ಇರಲಿಲ್ಲ. ಮೂವತ್ತನಾಲ್ಕು ವರ್ಷ ದಾಟದ ಸೇತುವೆ ಹದಿನಾಲ್ಕು ಹೆಜ್ಜೆಗೆ ಮುಗಿದುಹೋಯಿತು; ಅದು ಅವನಿಗೆ ಅವಮಾನವೆನ್ನಿಸಿತು, ಇನ್ನಷ್ಟು ಉದ್ದವಿದ್ದಿದ್ದರೆ ತನ್ನ ಮರ್ಯಾದೆ ಸ್ವಲ್ಪ ಉಳಿಯುತ್ತಿತ್ತು ಎಂಬಂತೆ. ಮನೆ ಎನ್ನುವುದು ನಾಲ್ಕು ಕಲ್ಲಿನ ಗೋಡೆಗಳ ನಡುವೆ ನಿಂತ ಎದೆಮಟ್ಟದ ಹುಲ್ಲು. ಹೆಂಚುಗಳು ಒಳಗೆ ಬಿದ್ದು ಅವುಗಳ ಮೇಲೆ ಪಾಚಿ ಕಟ್ಟಿ, ಎರಡು ಕಿಟಕಿಗಳ ಚೌಕಟ್ಟು ಹೋಗಿ ಬರೀ ರಂಧ್ರಗಳು ಉಳಿದಿದ್ದವು. ನಿನ್ನೆ ಅವನು ‘ಚಾವಣಿ ಭಾಗಶಃ’ ಎಂದು ಬರೆದಿದ್ದ. ಇಲ್ಲಿ ಭಾಗವೂ ಇಲ್ಲ, ಶಃ ಕೂಡ ಇಲ್ಲ. ಮರಗಳು ಐದು ಎಂದು ಬರೆದಿದ್ದ, ಎಣಿಸಿದರೆ ಐದೇ. ಊಹೆ ಸರಿಹೋದದ್ದಕ್ಕೆ ಒಂದು ಕ್ಷಣ ಹೆಮ್ಮೆಯಾಗಿ, ಆ ಹೆಮ್ಮೆಗೆ ನಾಚಿಕೆಯಾಗಿ, ನಾಚಿಕೆಯನ್ನು ಸರಪಳಿ ನೋಡಿದನೇನೋ ಎಂದು ತಿರುಗಿದರೆ, ಕುಸಿದ ಗೋಡೆಯೊಂದರ ಮೇಲೆ ಅವಳು ಕೂತಿದ್ದಳು. ಮೂವತ್ತರ ಆಸುಪಾಸು. ಕೊರಳಲ್ಲಿ ದರ್ಜಿಗಳ ಅಳತೆಪಟ್ಟಿ ಇನ್ನೂ ನೇತಾಡುತ್ತಿತ್ತು. ದರ್ಜಿ ಅಂಗಡಿಯಿಂದ ಹಾಗೇ ಎದ್ದು ಬಂದವಳು. ಅದು ನೆನಪಾಗಿ ಈಗ ತೆಗೆದು ಚೀಲಕ್ಕೆ ಹಾಕಿಕೊಂಡಳು.

‘ಅಳೆಯೋಕೆ ಬಂದವರು ನೀವೇನಾ?’ ಎಂದಳು. ‘ನಾನು ಹೊಲಿಗೆ ಕೆಲಸದವಳು. ಈ ಮನೇಲಿ ಹುಟ್ಟಿದ್ದು.’

ಅವಳು ಒಂದು ಕಾಗದ ಬಿಚ್ಚಿ ಕೊಟ್ಟಳು. ಮಡಿಕೆಗಳಲ್ಲಿ ಹರಿದು, ಹಿಂಬದಿಯಿಂದ ಅರಿವೆಯ ಪಟ್ಟಿ ಅಂಟಿಸಿಕೊಂಡಿದ್ದ ಜನನ ಪತ್ರ. ಹೆಸರು, ತಂದೆ, ತಾಯಿ, ತಾರೀಕು ಎಲ್ಲ ಇತ್ತು. ಹುಟ್ಟಿದ ಸ್ಥಳದ ಮುಂದೆ, ‘ಸದರಿ ಸ್ಥಳ ಪಾಳು. ಪರಿಶೀಲನೆಯಲ್ಲಿದೆ.’ ಮೂವತ್ತೊಂದು ವರ್ಷದಿಂದ ಪರಿಶೀಲನೆಯಲ್ಲಿದೆ.

‘ಸ್ಕೂಲಲ್ಲಿ ಇದನ್ನ ಓದಿ ಮೇಷ್ಟ್ರೇ ನಗ್ತಿದ್ರು. ಮದುವೆ ನೋಂದಣಿಗೆ ಹೋದ್ರೆ, ಏನಮ್ಮಾ ಆಕಾಶದಿಂದ ಇಳಿದ್ಯಾ ಅಂದ್ರು. ನನಗೆ ಜಾಗ ಬೇಡ, ಮನೇನೂ ಬೇಡ, ಕೆಡವ್ಕೊಳ್ಳಿ. ಇಲ್ಲಿ ಜನ ಇದ್ರು, ಇಂಥ ವರ್ಷದ ತನಕ ಇದ್ರು ಅಂತ ನೀವು ಬರೆದ್ರೆ ಸಾಕು. ಇವತ್ತು ನೀವು ಬರೆಯೋದೇ ಕೊನೆಯಂತೆ. ನಾಳೆ ಇದು ರಸ್ತೆ. ರಸ್ತೇಲಿ ಹುಟ್ಟಿದೋಳು ಅಂತಾಗೋದು ನನಗೆ ಇಷ್ಟ ಇಲ್ಲ ಸಾರ್.’

‘ನೋ...ಡೋಣಾ’ ಎಂದಿತು ಅವನ ಬಾಯಿ. ಮೇಲಧಿಕಾರಿಯ ದನಿ, ಮೂಗಿನ ಎಳೆತ ಸಮೇತ. ಅವನು ಹಾಗೆ ಹೇಳಬೇಕೆಂದಿರಲಿಲ್ಲ. ಪಕ್ಕದಲ್ಲಿ ಸರಪಳಿ ಕಿಸಕ್ಕೆಂದ. ಅವಳಿಗೆ ತಮಾಷೆ ಗೊತ್ತಾಗದೆ, ಸರ್ಕಾರದವರೆಲ್ಲ ಹೀಗೇ ಮಾತಾಡುತ್ತಾರೆಂದುಕೊಂಡು ತಲೆಯಾಡಿಸಿದಳು. ಅವಳು ಸಿಟ್ಟಾಗಿದ್ದರೆ ಚೆನ್ನಾಗಿತ್ತು. ತಲೆಯಾಡಿಸಿದ್ದು ಅವನ ಕಿವಿಯನ್ನು ಬಿಸಿಮಾಡಿತು.

ಇವಳು ಸುಳ್ಳು ಹೇಳುತ್ತಿರಬಹುದು ಎಂಬ ಯೋಚನೆ ಬಂದಾಗ ಅವನಿಗೆ ನೆರಳು ಸಿಕ್ಕಂತಾಯಿತು. ಪಾಳುಮನೆಗಳಿಗೆ ವಾರಸುದಾರರು ಹುಟ್ಟಿಕೊಳ್ಳುವುದು ಹೊಸದಲ್ಲ. ಟೇಪಿನ ಒಂದು ತುದಿ ಸರಪಳಿಗೆ ಕೊಟ್ಟು, ಇನ್ನೊಂದನ್ನು ತಾನು ಹಿಡಿದು, ಅಳೆಯುತ್ತ ಅಳೆಯುತ್ತ ಏನೂ ಅಲ್ಲವೆಂಬಂತೆ ಕೇಳಿದ: ‘ಅಡುಗೆಮನೆ ಯಾವ ಕಡೆ ಇತ್ತು?’ ‘ಎಡಗಡೆ’ ಎಂದಳು. ಅವನು ಬಾಗಿಲ ಬಳಿ ನಿಂತು ನೋಡಿದ. ಮಸಿ ಹಿಡಿದ ಗೋಡೆ, ಒಲೆಯ ಕಲ್ಲು, ಎಲ್ಲ ಬಲಗಡೆ. ‘ದೊಡ್ಡ ಕೋಣೆ?’ ‘ಬಲಗಡೆ.’ ಅದು ಎಡಕ್ಕಿತ್ತು. ಎದೆ ಹಗುರವಾಯಿತು. ಇಸವಿ ಎತ್ತಿ ಇಡುವುದು, ಸಹಿ ಹಾಕುವುದು, ಮೂರು ಗಂಟೆಯ ಬಸ್ಸು ಹಿಡಿಯುವುದು. ಹೊಗೆ ಇರಲಿಲ್ಲ, ಖಂಡಿತ ಇರಲಿಲ್ಲ; ಈಗ ಅವನಿಗೆ ಚಾವಣಿಯ ಮೇಲಿನ ಖಾಲಿ ಆಕಾಶ ಅಚ್ಚು ಹೊಡೆದಂತೆ ನೆನಪಾಯಿತು, ಒಂದು ಹಕ್ಕಿ ಕೂಡ. ಅವನು ಸ್ವಲ್ಪ ಗಟ್ಟಿಯಾಗಿಯೇ, ‘ನೋಡಮ್ಮಾ, ನೀನು ಹೇಳೋದೆಲ್ಲ ಉಲ್ಟಾ ಇದೆಯಲ್ಲ’ ಎಂದ.

ಅವಳು ಎದ್ದು ಬಂದು ಅವನ ಪಕ್ಕ ನಿಂತಳು. ಕಣ್ಣು ಕಿರಿದು ಮಾಡಿ ನೋಡಿದಳು. ಆಮೇಲೆ, ‘ನೀವು ಹೊರಗಡೆಯಿಂದ ನೋಡ್ತಿದೀರ ಸಾರ್’ ಎಂದಳು. ‘ನಾನು ಒಳಗಿದ್ದವಳು. ಬಾಗಿಲಿಗೆ ಮುಖ ಮಾಡಿ ಹೇಳಿದ್ದು. ಹೊರಗೆ ಹೋಗೋವಾಗ ಅಡುಗೆಮನೆ ಎಡಕ್ಕೆ.’

ಅವನಿಗೆ ತಕ್ಷಣ ಅರ್ಥವಾಗಲಿಲ್ಲ. ಹುಲ್ಲು ಸರಿಸಿಕೊಂಡು ಒಳಗೆ ನಡೆದ, ತಿರುಗಿ ಬಾಗಿಲಿಗೆ ಮುಖ ಮಾಡಿ ನಿಂತ. ಒಲೆಯ ಕಲ್ಲು ಎಡಗೈಗೆ ಬಂತು. ಬಾಗಿಲ ಚೌಕದಲ್ಲಿ ಕಾಲುವೆ, ಕಾಲುವೆಯಾಚೆ ದಡ, ದಡದ ಮೇಲೆ ಒಂದು ಮೋಟು ಕಲ್ಲು. ಅವನು ಸ್ಟೂಲು ಹಾಕಿಕೊಂಡು ಕೂತಿದ್ದ ಜಾಗ ಇಲ್ಲಿಂದ ಎಷ್ಟು ಚೆನ್ನಾಗಿ ಕಾಣುತ್ತಿತ್ತೆಂದರೆ, ಅವತ್ತು ಇಲ್ಲಿ ಯಾರಾದರೂ ನಿಂತಿದ್ದರೆ ಅವನ ಹಲಗೆಯನ್ನು, ಮೊಣಕೈಯನ್ನು, ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡು ಜೀಪಿನ ಕಡೆಗೆ ಓಡಿದ್ದನ್ನು ಎಲ್ಲ ನೋಡಿರಬೇಕು. ಇಷ್ಟು ದಿನ ಹೊಗೆ ಇತ್ತೋ ಇಲ್ಲವೋ ಎಂದು ತಾನು ಮನೆಯನ್ನು ನೋಡಿದ್ದೇ ಅವನ ತಲೆಯಲ್ಲಿತ್ತು. ಮನೆ ತನ್ನನ್ನು ನೋಡಿರಬಹುದೆಂದು ಹೊಳೆದಿರಲೇ ಇಲ್ಲ. ಯಾರೋ ಒಬ್ಬಾಕೆ ಹೊಸ್ತಿಲಲ್ಲಿ ನಿಂತು, ಆಫೀಸಿನವರು ಬರುತ್ತಾರೇನೋ ಎಂದು ಸೆರಗು ಸರಿಮಾಡಿಕೊಂಡಿರಬಹುದು. ನಾಯಿಯನ್ನು ಕಟ್ಟಿಹಾಕಿರಬಹುದು. ಅಥವಾ ಇದನ್ನೂ ಅವನು ಈಗ ಕಟ್ಟುತ್ತಿದ್ದಾನೋ? ನೆನಪನ್ನು ಮೇಜಿನ ಮೇಲೆ ತುಂಬಿಸುತ್ತಿದ್ದಾನೋ?

ಬಿಸಿಲೇರಿತ್ತು. ಮೂವರೂ ಗೋಡೆಯ ನೆರಳಿಗೆ ಕೂತರು. ಮಾತು ಸತ್ತುಹೋದ ಕಡೆ ಕೂರಲಾಗದ ಸರಪಳಿ ನೀರಿನ ಬಾಟಲಿಯನ್ನು ಅವಳ ಕಡೆ ಚಾಚುತ್ತ, ‘ನಮ್ ಸಾರ್ ಸುಮ್ನಿದಾರೆ ಅಂತ ತಪ್ಪು ತಿಳ್ಕೋಬೇಡಿ ಅಕ್ಕಾ. ಇವರು ಬಾಯಿ ಬಿಟ್ರೆ ಇಡೀ ಆಫೀಸು ಹೊಟ್ಟೆ ಹಿಡ್ಕೊಂಡು ನಗುತ್ತೆ. ಒಂದು ಐಟಂ ಇದೆ, ನಾನಿದೀನಿ ಐಟಂ. ಇಪ್ಪತ್ತೈದು ವರ್ಷದಿಂದ ಓಡ್ತಿದೆ. ಮಾಡಿ ಸಾರ್’ ಎಂದ.

‘ಈಗ ಬೇಡಯ್ಯಾ.’

‘ಹೋಗ್ಲಿ, ನಾನೇ ಮಾಡ್ತೀನಿ. ಯಾರೋ ಒಬ್ಬ ರೈತ ಆಫೀಸಿಗೆ ಬಂದಿದ್ದನಂತೆ. ಬಂದು ಹೀಗನ್ನೋದು’ ಎಂದು ಸರಪಳಿ ಮುಖ ಹಿಂಡಿಕೊಂಡು, ಭಿಕ್ಷೆ ಬೇಡುವವರ ರಾಗದಲ್ಲಿ, ‘ನಾನಿದೀನೀ ಸ್ವಾಮೀ... ನಾನಿದೀನೀ...’ ಎಂದು ಅಳುದನಿ ಎಳೆದ.

ಅದು ಶುದ್ಧ ತಪ್ಪಾಗಿತ್ತು. ಆ ಮನುಷ್ಯ ಅತ್ತಿರಲಿಲ್ಲ, ಬೇಡಿರಲಿಲ್ಲ. ಕೆಟ್ಟ ಅನುಕರಣೆ ಕೇಳಿದರೆ ನಕ್ಷೆಗಾರನಿಗೆ ಹಲ್ಲಿನ ಸಂದಿಯಲ್ಲಿ ಮರಳು ಸಿಕ್ಕಿದ ಹಾಗಾಗುತ್ತಿತ್ತು. ‘ಹಾಗಲ್ಲವೋ’ ಎಂದ. ಅನ್ನುವಾಗಲೇ ಬೆನ್ನು ನೆಟ್ಟಗಾಗಿ, ಗದ್ದ ಸ್ವಲ್ಪ ಮೇಲೆದ್ದು, ಎರಡೂ ಕೈ ತೊಡೆಯ ಮೇಲೆ ಮಗುಚಿ ಕೂತಿದ್ದವು. ಮೊದಲ ಅಕ್ಷರದ ಹಿಂದೆ ಒಂದು ಸಣ್ಣ ತಡೆ, ಮೂಟೆ ಎತ್ತುವ ಮುಂಚೆ ಉಸಿರು ಕಟ್ಟುತ್ತಾರಲ್ಲ ಹಾಗೆ. ಆಮೇಲೆ ಹವೆಯ ವಿಚಾರ ಹೇಳುವವರಂತೆ ತಣ್ಣಗೆ:

‘ನಾ...ನಾನಿದೀನಿ ಸ್ವಾಮಿ. ದಿನಾ ಬೆಳಿಗ್ಗೆ ಏಳ್ತೀನಿ. ಹೊಲಕ್ಕೆ ಹೋಗ್ತೀನಿ, ಬರ್ತೀನಿ. ಇಲ್ಲ ಅಂತ ಹೇಗೆ ಬರೆದ್ರಿ?’

ದಿನಾ ಬೆಳಿಗ್ಗೆ ಏಳ್ತೀನಿ ಎನ್ನುವಲ್ಲಿ ಆಫೀಸು ಯಾವಾಗಲೂ ನಗುತ್ತಿತ್ತು. ಸರಪಳಿಯೂ ತೊಡೆ ತಟ್ಟಿ ನಕ್ಕ. ಅವಳ ಕೈಯಲ್ಲಿದ್ದ ಬಾಟಲಿಯಿಂದ ನೀರು ಸೀರೆಯ ಮೇಲೆ ಸುರಿಯುತ್ತಿತ್ತು. ಅವಳು ಅದನ್ನು ನೋಡುತ್ತಿರಲಿಲ್ಲ.

‘ಅದು ನಮ್ಮಪ್ಪ’ ಎಂದಳು.

ಸರಪಳಿಯ ಕೈ ತೊಡೆಯ ಮೇಲೇ ಉಳಿಯಿತು.

‘ಆ ತಡೆ. ನಾ... ಅಂತ. ಅದು ಅಪ್ಪಂದು. ತೀರಿಕೊಂಡು ಒಂಬತ್ತು ವರ್ಷ ಆಯ್ತು. ಅಮ್ಮನಿಗೂ ಮರೆತುಹೋಗಿದೆ, ನನಗೂ ಮರೆತಿತ್ತು. ನಿಮಗೆಲ್ಲಿ ಸಿಕ್ತು ಇದು?’

ಕಳ್ಳನ ಮನೆಯಲ್ಲಿ ತನ್ನ ಸಾಮಾನು ಗುರುತು ಹಿಡಿದವಳ ಹಾಗೆ ಅವಳು ಕೇಳಿದಳು. ಅವನು ಆಫೀಸಿನಲ್ಲಿ ಎಂದ. ಯಾವಾಗ ಎಂದಳು. ಕರೆಂಟು ಕಂಬಗಳು ಈ ಮನೆಯನ್ನು ಬಿಟ್ಟು ಮುಂದೆ ಹೋದ ವರ್ಷ ಎಂದ. ಅವಳಿಗೆ ಐದೋ ಆರೋ ಇರಬೇಕು ಆಗ. ಅಪ್ಪ ಒಗೆದ ಅಂಗಿ ಹಾಕಿಕೊಂಡು ಪೇಟೆಗೆ ಹೋಗಿದ್ದು, ಸಂಜೆ ಬಂದು ಯಾರ ಹತ್ತಿರವೂ ಮಾತಾಡದೆ ದನಗಳ ಮುಂದೆ ಕೂತದ್ದು ನೆನಪಿದೆ ಎಂದಳು. ಆಮೇಲೆ ತೂಬು ತಿರುಗಿಸಿದರು. ಬಾವಿಯೂ ತಳ ಕಂಡಿತು. ಎರಡು ವರ್ಷ ಎಳೆದಾಡಿ ಒಂದು ದಿನ ಗಾಡಿಗೆ ಸಾಮಾನು ಹೇರಿದರು. ಅಪ್ಪನಿಗೆ ಸರಿಯಾಗಿ ಮಾತಾಡಲು ಬರಲಿಲ್ಲ, ಅದಕ್ಕೇ ಮನೆ ಹೋಯಿತು ಎಂದು ಅಮ್ಮ ಸಾಯುವತನಕ ಅಪ್ಪನನ್ನು ಆಡಿಕೊಂಡಳು. ಸಾಯುವತನಕ ಅಂದರೆ ಅವನು ಸಾಯುವತನಕ. ಅವಳು ಇನ್ನೂ ಇದ್ದಾಳೆ.

‘ಆವಾಗ ಅಪ್ಪನಿಗೆ ಏನಂದ್ರಿ?’

‘ಪಕ್ಕದ ಕೌಂಟರಿಗೆ ಹೋಗು ಅಂದೆ.’

‘ಇಲ್ಲಿ ಜನ ಇದಾರೆ ಅಂತ ನಿಮಗೆ ಗೊತ್ತಾಗಿತ್ತಾ?’

ಇದೊಂದು ಪ್ರಶ್ನೆಯನ್ನು ಅವನು ತನಗೆ ಯಾವತ್ತೂ ಕೇಳಿಕೊಂಡಿರಲಿಲ್ಲ. ಹೊಗೆ, ನಾಯಿ, ಹಾರ್ನು, ಸೇತುವೆ ಇವನ್ನೆಲ್ಲ ಸುತ್ತಮುತ್ತ ಪೇರಿಸಿಕೊಂಡು, ಕಾಲುವೆಯ ದಂಡೆಯ ಆ ಒಂದು ಸಂಜೆಯಲ್ಲೇ ತಪ್ಪು ನಡೆಯಿತೆಂದು ಗೊಂದಲಪಡುತ್ತ, ಆ ಗೊಂದಲದೊಳಗೆ ಒಂದು ಬಗೆಯಲ್ಲಿ ಹಾಯಾಗಿಯೇ ಇದ್ದ. ಆಫೀಸಿನ ಆ ಮಧ್ಯಾಹ್ನದಲ್ಲಿ ಗೊಂದಲವೇ ಇರಲಿಲ್ಲ. ಮನುಷ್ಯ ಎದುರಿಗೆ ನಿಂತಿದ್ದ. ಅವನು ಹೋದಮೇಲೆ ನಕ್ಷೆಯನ್ನು ಬೀರುವಿನಿಂದ ತೆಗೆದು ಮೇಜಿನ ಮೇಲೆ ಹರಡಿದ್ದು ನಿಜ. ಚುಕ್ಕಿಗಳು ಅಲ್ಲೇ ಇದ್ದವು. ಪೆನ್ನನ್ನು ಶಾಯಿಗೆ ಅದ್ದಿದ್ದ. ನಾಲ್ಕು ಗೆರೆ, ನಾಲ್ಕು ಉಸಿರಿನ ಕೆಲಸ. ಆಗ ಪಕ್ಕದ ಮೇಜಿನವನು ಕುರ್ಚಿ ಎಳೆದುಕೊಂಡು ಬಂದು, ‘ಏನೋ ಅದು, ಆ ಆಸಾಮಿ ಏನೋ ಅಂದನಲ್ಲ, ಮಾಡು ನೋಡೋಣ’ ಎಂದ. ಇವನು ಮಾಡಿದ. ಮೊದಲ ಸಲವೇ ಸರಿಯಾಗಿ ಬಂದುಬಿಟ್ಟಿತು. ನಾಲ್ಕು ಮೇಜಿನವರು ಎದ್ದು ಬಂದರು. ಇನ್ನೊಂದ್ಸಲ, ಇನ್ನೊಂದ್ಸಲ ಎಂದರು. ಮೇಲಧಿಕಾರಿ ಕೂಡ ಬಾಗಿಲಿಗೆ ಬಂದು ನಿಂತು ಮೀಸೆಯಡಿ ನಕ್ಕರು. ಅವರು ಅವನನ್ನು ನೋಡಿ ನಕ್ಕದ್ದು ಅದೇ ಮೊದಲು. ಚುಕ್ಕಿ ಸೇರಿಸಿದರೆ ಅವರಿಗೆ ವರದಿ ಕೊಡಬೇಕಿತ್ತು, ತಪ್ಪು ಯಾರದೆಂದು ಹೇಳಬೇಕಿತ್ತು. ನಕ್ಷೆಯನ್ನು ಸುರುಳಿ ಸುತ್ತಿ ಒಳಗಿಟ್ಟ. ಶಾಯಿ ನಿಬ್ಬಿನಲ್ಲೇ ಒಣಗಿತು.

‘ಗೊತ್ತಿತ್ತು’ ಎಂದ.

ಅವಳು ಕೈ ಎತ್ತಿದರೆ ಎತ್ತಲಿ ಎಂದು ಅವನು ಕಾದ. ಕೆನ್ನೆಯನ್ನು ಸ್ವಲ್ಪ ಅವಳ ಕಡೆಗೇ ತಿರುಗಿಸಿದ್ದನೇನೋ. ಅವಳು ಒದ್ದೆಯಾದ ಸೀರೆಯನ್ನು ಹಿಂಡುತ್ತ ಕೂತಿದ್ದಳು. ‘ನಿಮ್ಮನ್ನ ಏನು ಮಾಡ್ಬೇಕು ಅಂತ ನನಗೆ ಗೊತ್ತಾಗ್ತಿಲ್ಲ’ ಎಂದಳು. ‘ಬೈಯೋಣ ಅಂದ್ರೆ ಅಪ್ಪನ ದನಿ ನಿಮ್ಮ ಹತ್ರ ಇದೆ.’

ಅವನು ಚೀಲದಿಂದ ಫಾರಂ ತೆಗೆದ. ಸರಪಳಿ ತಕ್ಷಣ ಪಕ್ಕಕ್ಕೆ ಬಂದು ಕಿವಿಯ ಹತ್ತಿರ, ‘ಸಾರ್, ಎಂಟು ತಿಂಗಳಿದೆ. ವಿಚಾರಣೆ ಅಂತ ಶುರುವಾದ್ರೆ ಪಿಂಚಣಿ ಫೈಲು ಎಲ್ಲಿಗೆ ಹೋಗುತ್ತೋ. ಅಕ್ಕನಿಗೆ ಬೇರೆ ಏನಾದ್ರೂ ದಾರಿ ಮಾಡೋಣ. ಹಳೇ ಇಸವಿ ಹಾಕಿ ಸುಮ್ನೆ ಏಳಿ’ ಎಂದ. ಒಳ್ಳೆಯ ಮಾತನ್ನೇ ಹೇಳುತ್ತಿದ್ದ. ಮೂವತ್ತು ವರ್ಷದ ಗೆಳೆಯ ಹೇಳಬೇಕಾದ್ದನ್ನೇ.

‘ನೀವು ಮನೆ ಬಿಟ್ಟಿದ್ದು ಯಾವ ವರ್ಷ?’ ಎಂದು ಅವನು ಅವಳನ್ನು ಕೇಳಿದ.

ಅವಳಿಗೆ ಸರಿಯಾಗಿ ಗೊತ್ತಿರಲಿಲ್ಲ. ಅಮ್ಮ ಒಂದು ಹೇಳುತ್ತಾಳೆ, ಅಪ್ಪ ಇನ್ನೊಂದು ಹೇಳುತ್ತಿದ್ದ. ಮುಂದಿನ ಎರಡು ಹಲ್ಲು ಬಿದ್ದಿದ್ದವು. ಇಲ್ಲ, ಒಂದು ಬಂದಿತ್ತು. ಮೂರನೇ ಕ್ಲಾಸಿನ ಪುಸ್ತಕ ಗಾಡಿಯಲ್ಲಿ ಕಳೆದುಹೋಗಿ ಹೊಸ ಸ್ಕೂಲಿನಲ್ಲಿ ಪುಸ್ತಕವಿಲ್ಲದೆ ಕೂತಿದ್ದಳು. ಇಬ್ಬರೂ ಬೆರಳೆಣಿಸಿದರು. ತಪ್ಪಿತು. ಮತ್ತೆ ಎಣಿಸಿದರು. ಸಿಕ್ಕ ಇಸವಿಯನ್ನು ಅವನು ಏಳನೆಯ ಕಾಲಮಿನಲ್ಲಿ ಬರೆದ. ನಕ್ಷೆ ಹೇಳುವ ಇಸವಿಗೂ ಇದಕ್ಕೂ ಹನ್ನೊಂದು ವರ್ಷ ವ್ಯತ್ಯಾಸ. ವ್ಯತ್ಯಾಸವಿದ್ದರೆ ಕಾರಣವನ್ನು ಷರಾದಲ್ಲಿ ಬರೆಯಬೇಕು. ಅವನು ಬರೆದ: ‘ಸದರಿ ಕಟ್ಟಡದಲ್ಲಿ ಜನವಸತಿ ಇದ್ದಾಗ್ಯೂ ಸಂಬಂಧಪಟ್ಟ ನೌಕರರ ಕಣ್ತಪ್ಪಿನಿಂದ ಪಾಳು ಎಂದು ನಮೂದಾಗಿರುತ್ತದೆ.’

ಅವಳು ಬಗ್ಗಿ ಓದಿದಳು. ‘ಸಂಬಂಧಪಟ್ಟ ನೌಕರ ಯಾರು?’

‘ನಾನೇ.’

‘ಹಾಗಂತ ಬರೀರಿ.’

ಅವನು ಆ ಸಾಲನ್ನು ಹೊಡೆದುಹಾಕಿದ. ಮೂವತ್ತನಾಲ್ಕು ವರ್ಷ ಕಾಗದದ ಮೇಲೆ ಅವನು ಸದರಿ ನೌಕರನಾಗಿದ್ದ, ಕೆಳಗೆ ರುಜು ಮಾಡಿದವನಾಗಿದ್ದ, ಈ ಕಚೇರಿಯಾಗಿದ್ದ. ‘ನಾನು’ ಎಂದು ಬರೆಯಲು ಹೋದರೆ ಕೈ ಅಕ್ಷರ ಮರೆತವರಂತೆ ತಡವರಿಸಿತು. ನಾನು ಈ ನಕ್ಷೆ ಬರೆದೆ. ಸೇತುವೆ ದಾಟಲಿಲ್ಲ. ಮನೆಯ ಯಜಮಾನರು ಕಚೇರಿಗೆ ಬಂದು ಹೇಳಿದಮೇಲೂ ತಿದ್ದಲಿಲ್ಲ. ಬರೆದು ನೋಡಿದರೆ ಬೇರೆ ಯಾರದೋ ಕೈಬರಹದ ಹಾಗಿತ್ತು, ಮೇಲಧಿಕಾರಿಯದಲ್ಲ, ಸರಪಳಿಯದಲ್ಲ, ಅವನಿಗೆ ಅನುಕರಿಸಲು ಗೊತ್ತಿದ್ದ ಯಾರದೂ ಅಲ್ಲ. ಸಹಿ ಹಾಕಿದ. ಸಾಕ್ಷಿಯ ಜಾಗಕ್ಕೆ ಬೆರಳಿಟ್ಟು ಸರಪಳಿಯ ಮುಖ ನೋಡಿದ.

ಸರಪಳಿ ಟೇಪು ಸುತ್ತುತ್ತ ದೂರ ಹೋಗಿದ್ದ. ‘ನಾನು ಇವತ್ತು ರಜ ಅಂತ ಇಟ್ಕೊಳ್ಳಿ ಸಾರ್’ ಎಂದ, ತಲೆಯೆತ್ತದೆ. ‘ನನ್ನ ಮಗಳ ಮದುವೆ ಇದೆ. ಬೇಜಾರು ಮಾಡ್ಕೋಬೇಡಿ.’

‘ಇಲ್ಲಪ್ಪಾ’ ಎಂದ ಅವನು. ನಿಜಕ್ಕೂ ಬೇಜಾರಾಗಿರಲಿಲ್ಲ. ತಾನೂ ಹಾಗೇ ಹೇಳುತ್ತಿದ್ದೆ ಎಂದು ತಿಳಿದಿತ್ತು, ಅದೇ ಮಾತಿನಲ್ಲಿ.

ಅವಳೇ ಸಾಕ್ಷಿ ಹಾಕಿದಳು. ಆಮೇಲೆ ಫಾರಮ್ಮನ್ನು ವಾಪಸು ಕೊಡಲಿಲ್ಲ.

‘ಇದನ್ನ ಇವತ್ತೇ ಆಫೀಸಿಗೆ ಕೊಡ್ತೀರಾ?’

‘ಹೂಂ.’

‘ದಾರೀಲಿ ಮನಸ್ಸು ಬದಲಾಗಲ್ವಾ?’

ಬದಲಾಗುವುದಿಲ್ಲ ಎನ್ನಲು ಬಾಯಿ ತೆರೆದ. ಬಸ್ಸಿನ ಒಂದು ಗಂಟೆ ಕಣ್ಮುಂದೆ ಬಂತು. ಕಿಟಕಿ, ಪಕ್ಕದಲ್ಲಿ ಸರಪಳಿಯ ಒಳ್ಳೆಯ ಮಾತು, ಹೆಂಡತಿಯ ಮುಖ, ನಾಳೆ ನೋಡೋಣ ಎನ್ನುವ, ಅವನೊಳಗಿನ ಆ ಹಳೆಯ ಪರಿಚಯದವನು. ‘ಗೊತ್ತಿಲ್ಲಮ್ಮ’ ಎಂದ.

ಇಡೀ ದಿನದಲ್ಲಿ ಅವಳು ಅವನ ಒಂದು ಮಾತನ್ನು ನಂಬಿದ್ದರೆ ಅದು ಇದೇ ಇರಬೇಕು. ಫಾರಮ್ಮನ್ನು ನಾಲ್ಕು ಮಡಿಕೆ ಮಾಡಿ ಜನನ ಪತ್ರದ ಜೊತೆ ಚೀಲದೊಳಗಿಟ್ಟು, ಚೀಲವನ್ನು ಹೆಗಲಿಗೇರಿಸಿ ನಡೆದೇಬಿಟ್ಟಳು. ಸರ್ಕಾರಿ ಕಾಗದವೊಂದು ಹೀಗೆ ಹೊರಗಿನವರ ಚೀಲದಲ್ಲಿ ಹೋಗುವುದನ್ನು ಅವನು ತನ್ನ ನೌಕರಿಯಲ್ಲೇ ಕಂಡಿರಲಿಲ್ಲ. ಇದು ಅಪರಾಧವೇ? ಕೂಗಿ ನಿಲ್ಲಿಸಬೇಕೆ? ಏನೆಂದು ಕೂಗುವುದು? ಅವಳ ಹೆಸರನ್ನು ಜನನ ಪತ್ರದಲ್ಲಿ ನೋಡಿದವನು ಓದಿಕೊಂಡಿರಲಿಲ್ಲ. ಹುಲ್ಲು ತುಳಿದು, ಸೇತುವೆ ದಾಟಿ ಅವನು ಅವಳ ಹಿಂದೆ ಹೆಚ್ಚುಕಡಿಮೆ ಓಡಿದ. ಅವಳು ಕಾಗದ ಕಳೆದುಹಾಕಿಬಿಟ್ಟರೆ ಎಂದು ಹೆದರಿಕೆಯಾಗುತ್ತಿತ್ತು. ಇಲ್ಲ, ಕಳೆದುಹಾಕದಿದ್ದರೆ ಎಂದು ಹೆದರಿಕೆಯಾಗುತ್ತಿತ್ತು. ಎರಡೂ ಒಂದೇ ಹೆದರಿಕೆಯಂತೆ ಎದೆಯಲ್ಲಿ ಬಡಿಯುತ್ತಿದ್ದವು, ಯಾವುದು ಯಾವುದೆಂದು ಬಿಡಿಸಲು ಆಗಲಿಲ್ಲ, ಕಾಲು ಮಾತ್ರ ನಿಲ್ಲಲಿಲ್ಲ.

ಬಸ್ಸು ಬಂದು ನಿಂತಿತ್ತು. ಅವಳು ಹತ್ತಿ, ಮೆಟ್ಟಿಲ ಮೇಲೆ ನಿಂತು, ಕಂಬಿ ಹಿಡಿದು ತಿರುಗಿದಳು. ಅವನು ಕೆಳಗೆ ಏದುಸಿರು ಬಿಡುತ್ತ ನಿಂತಿದ್ದ.

‘ಬೇಗ ಹತ್ತಿ ಸಾರ್’ ಎಂದಳು. ‘ನೀವು ಬರದೇ ಇದ್ರೆ ಬರೀ ಕಾಗದಾನ ಯಾರು ನಂಬ್ತಾರೆ?’

ಅವನು ಹತ್ತಿದ.